ಇಪ್ಪತ್ತಮೂರು ಮನೆ, ಒಂದೇ ವಿಳಾಸ

ಅಮ್ಮನ ವಿಚಾರಣೆ ನಡೆದದ್ದು ಲೈಬ್ರರಿಯ ಮುಂದೆ ನಿಲ್ಲಿಸಿದ ನಮ್ಮ ಹಳೇ ಕಾರಿನೊಳಗೆ. ಜನವರಿ ತಿಂಗಳು. ಗಾಜಿನ ಮೇಲೆ ಹಿಮ ಕೂರುತ್ತಿತ್ತು. ಚೀಸ್ ಕಾರ್ಖಾನೆಯಲ್ಲಿ ಹದಿನೇಳು ವರ್ಷ ದುಡಿದು ಅವಳ ಎರಡೂ ಕೈ ಸತ್ತಿದ್ದವು. ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ದುಡಿಯಲಾಗದವರಿಗೆ ಸರ್ಕಾರ ಕೊಡುವ ಪಿಂಚಣಿಗೆ ಅರ್ಜಿ ಹಾಕಿದ್ದಳು. ನ್ಯಾಯಾಧೀಶರು ಸಿಗುವುದು ವಿಡಿಯೋದಲ್ಲಿ. ನಮ್ಮ ಕಡೆ ಇಂಟರ್ನೆಟ್ ಇಲ್ಲ, ಮೊಬೈಲ್ ಸಿಗ್ನಲ್ ಗುಡ್ಡ ದಾಟಿ ಬರುವುದಿಲ್ಲ. ಲೈಬ್ರರಿಯ ಗೋಡೆಯಾಚೆ ಸೋರಿ ಬರುವ ವೈಫೈ ಒಂದೇ ಗತಿ.

"ಕೈ ಎತ್ತಿ ತೋರಿಸಿ," ಅಂದರು ನ್ಯಾಯಾಧೀಶರು.

ಅಮ್ಮ ಎತ್ತಿದಳು. ಪರದೆ ಅಲ್ಲಿಗೇ ನಿಂತುಹೋಯಿತು.

"ಇಳಿಸಮ್ಮ, ಲೈನ್ ಹೋಯ್ತು," ಅಂದೆ.

"ಸುಮ್ನಿರೆ. ಅವ್ರು ನೋಡ್ತಿದ್ರೆ?"

ಹತ್ತು ನಿಮಿಷ ಕೈ ಎತ್ತಿಕೊಂಡೇ ಕೂತಿದ್ದಳು. ಎರಡು ವಾರಕ್ಕೆ ಕಾಗದ ಬಂತು: ಅರ್ಜಿದಾರರು ಹಾಜರಿರಲಿಲ್ಲ. ಮತ್ತೆ ಬರೆದೆವು. ಮುಂದಿನ ಚಳಿಗಾಲಕ್ಕೆ ಇನ್ನೊಂದು ದಿನ ಕೊಟ್ಟರು. ಅದೇ ಕೊನೆಯದು ಅಂದರು.

ಆ ವಸಂತದಲ್ಲಿ ರಾಜ್ಯದ ರಾಜಧಾನಿಯಲ್ಲಿ ಒಂದು ಕಾನೂನಾಯಿತು. ಸರ್ಕಾರಿ ವಿದ್ಯುತ್ ಪ್ರಾಧಿಕಾರ ಇನ್ನು ಮೇಲೆ ಹಳ್ಳಿಗಳಿಗೆ ಇಂಟರ್ನೆಟ್ಟನ್ನೂ ಕೊಡಿಸಬಹುದಂತೆ. ಅವರ ದೊಡ್ಡ ತಂತಿ, ಗಾಲಿಯ ಮೇಲೆ ಎಳೆದು ತಂದು ನಿಲ್ಲಿಸಿದ ನಮ್ಮ ತಗಡಿನ ಟ್ರೈಲರ್ ಮನೆಗಳ ತಲೆಯ ಮೇಲೇ ಕೆನಡಾ ಗಡಿಯಿಂದ ಬರುತ್ತದೆ. ಅದರ ಜೊತೆಗೇ ಇಂಟರ್ನೆಟ್ಟಿನ ಗಾಜಿನ ಎಳೆಯೂ ಇದೆಯಂತೆ. ಇಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ.

ಸಂಪರ್ಕವಿಲ್ಲದ ಮನೆಯವರು ಫಾರಂ ತುಂಬಬೇಕಿತ್ತು. ಹನ್ನೊಂದನೇ ತರಗತಿಯಲ್ಲಿ ಪಾಠವೆಲ್ಲ ಕಂಪ್ಯೂಟರಿಗೆ ಹೋದಾಗ ನಾನು ಶಾಲೆ ಬಿಟ್ಟವಳು. ಆದರೂ ನನ್ನ ಅಕ್ಷರ ದುಂಡಗಿದೆ ಅಂತ ಎಲ್ಲರೂ ನನ್ನ ಕೈಗೇ ಕೊಟ್ಟರು. ಇಪ್ಪತ್ತಮೂರು ಮನೆಯ ಫಾರಂ ನಾನೇ ತುಂಬಿದೆ. ವಿಳಾಸದ ಜಾಗದಲ್ಲಿ ಎಲ್ಲರಿಗೂ ಒಂದೇ ಬರೆದೆ: 418, ಕ್ವಾರಿ ರಸ್ತೆ. ನಾವು ಬರೆಯುವುದೇ ಹಾಗೆ. ಅಂಚೆಯ ಡೋರೀನ್‌ಗೆ ನಮ್ಮೆಲ್ಲರ ಹೆಸರು ಗೊತ್ತು, ಹೆಸರು ನೋಡಿ ಡಬ್ಬಿಗೆ ಹಾಕುತ್ತಾಳೆ.

ಸೆಪ್ಟೆಂಬರಿನಲ್ಲಿ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಸಭೆ ಕರೆದರು. ಪ್ರಾಧಿಕಾರದ ಅಧಿಕಾರಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ನಕ್ಷೆ ಬಿಟ್ಟರು. ನಮ್ಮ ಜಾಗದಲ್ಲಿ ಒಂದೇ ಒಂದು ಹಸಿರು ಚುಕ್ಕೆ.

"418ರಲ್ಲಿ ಈಗಾಗ್ಲೇ ಇಂಟರ್ನೆಟ್ ಕೇಬಲ್ ಇದೆ. ಒಂದೇ ವಿಳಾಸದಿಂದ ಇಪ್ಪತ್ತಮೂರು ಫಾರಂ ಬಂದಿದ್ವು. ತೆಗೆದು ಹಾಕಿದೀವಿ."

ಕೇಬಲ್ ಇರುವುದು ರಸ್ತೆ ಪಕ್ಕದ ದೊಡ್ಡ ಮನೆಗೆ. ಆ ಮನೆ, ನಮ್ಮ ಟ್ರೈಲರ್‌ಗಳು ನಿಂತ ನೆಲ, ಎರಡೂ ರಾಯ್ಸ್ ಟಿಬೋ ಅನ್ನುವವನದು. ಅವನು ಮುಂದಿನ ಸಾಲಿನಲ್ಲೇ ಕೂತಿದ್ದ.

"ಒಂಬತ್ತು ವರ್ಷದಿಂದ ಇದೆ. ಚೆನ್ನಾಗೇ ಬರುತ್ತೆ," ಅಂದ.

"ನಿನ್ಗೆ ಬರುತ್ತೆ ಕಣಯ್ಯಾ, ನಾವೇನು ನಿನ್ನ ಮಂಚದ ಕೆಳಗೆ ಮಲಗ್ತೀವಾ?" ಅಂತ ಮರ ಕಡಿಯುವ ಮುದುಕ ಎಲ್ವುಡ್ ಕೂಗಿದ. ಹಾಲ್ ನಕ್ಕಿತು.

ನಾನು ನಗಲಿಲ್ಲ. ಬರೆದವಳು ನಾನು. ಎದ್ದು ನಿಂತೆ.

"ನಾವು ಬೇರೆ ಬೇರೆ ಮನೆಯವರು ಸಾರ್. ಏನು ತಂದ್ರೆ ನಂಬ್ತೀರಿ?"

"ಒಂದೊಂದು ಮನೆಗೂ ನಂಬರ್ ಇರೋ ಒಂದು ಕಾಗದ. ಜಾಗದ ಮಾಲೀಕರ ಸಹಿ ಬೇಕು. ಅಕ್ಟೋಬರ್ ಕೊನೇ ತಾರೀಖಿನೊಳಗೆ."

ಎಲ್ಲರೂ ರಾಯ್ಸ್‌ನತ್ತ ತಿರುಗಿದರು. ಅವನು ಟೊಪ್ಪಿ ಹಾಕಿಕೊಂಡು ಎದ್ದ.

"ನನ್ನ ಜಾಗದಲ್ಲಿ ನಂಬರ್ ಗಿಂಬರ್ ಇಲ್ಲ."

ಯಾಕೆ ಅಂತ ನಮಗೆ ಗೊತ್ತಿತ್ತು. ಇಪ್ಪತ್ತಮೂರು ಮನೆಯ ಪಾಯಿಖಾನೆಗೆ ಅವನು ತೋಡಿಸಿರುವುದು ಎರಡೇ ಗುಂಡಿ. ನಂಬರ್ ಬಂದರೆ ಜಿಲ್ಲಾ ಆರೋಗ್ಯ ಇಲಾಖೆಯವರು ಮನೆ ಎಷ್ಟು, ಗುಂಡಿ ಎಷ್ಟು ಅಂತ ಎಣಿಸಲು ಬರುತ್ತಾರೆ.

ಭಾನುವಾರ ಎಲ್ವುಡ್ ಕೆಂಪು ಬಣ್ಣದ ಡಬ್ಬ ತಂದ. ಮರ ಕಡಿಯುವ ಮುಂಚೆ ಗುರುತು ಹಾಕುವ ಬಣ್ಣ. "ಬರಿ ಮಗಳೇ. ನಿನ್ನ ಅಕ್ಷರ ಚೆನ್ನಾಗಿದೆ," ಅಂದ. ಒಂದರಿಂದ ಇಪ್ಪತ್ತಮೂರರ ತನಕ ಪ್ರತಿ ಬಾಗಿಲ ಪಕ್ಕ ಬರೆದೆ. ಯಾರೂ ಬೇಡ ಅನ್ನಲಿಲ್ಲ. ನಮ್ಮದು ಹದಿನಾಲ್ಕು.

ರಾಯ್ಸ್ ಬಂದು ನೋಡಿದ. ಸೀದಾ ವಕೀಲರ ಹತ್ತಿರ ಹೋದ.

ಅಕ್ಟೋಬರ್ ಇಪ್ಪತ್ತೆರಡಕ್ಕೆ ಡೋರೀನ್ ಇಪ್ಪತ್ತಮೂರು ಲಕೋಟೆ ತಂದಳು. ಅವಳ ಕಣ್ಣು ಕೆಂಪಾಗಿತ್ತು. ಅಮ್ಮ ತನ್ನದನ್ನು ಹಲ್ಲಿನಿಂದ ಹರಿದು ನನಗೆ ಕೊಟ್ಟಳು. ಮೂವತ್ತು ದಿನದೊಳಗೆ ಜಾಗ ಖಾಲಿ ಮಾಡತಕ್ಕದ್ದು.

"ಚಳಿಗಾಲಕ್ಕೆ ಎಲ್ಲಿಗೆ ಹೋಗೋದೆ?" ಅಂದಳು.

ನಾನು ಓದುತ್ತಲೇ ಇದ್ದೆ. ಯಾರನ್ನು ಯಾವ ಮನೆಯಿಂದ ಬಿಡಿಸಬೇಕು ಅಂತ ಕಾನೂನಿನ ಪ್ರಕಾರ ಹೇಳಲೇಬೇಕಲ್ಲ. ವಕೀಲರು ಬರೆದಿದ್ದರು: 418, ಕ್ವಾರಿ ರಸ್ತೆ, ಮನೆ ನಂಬರ್ ಹದಿನಾಲ್ಕು. ಕೆಳಗೆ ಮಾಲೀಕನ ಸಹಿ.

ಓಡಿದೆ. ಎಲ್ವುಡ್ ತನ್ನ ಮನೆ ಬಾಗಿಲಲ್ಲೇ ತನ್ನ ಕಾಗದ ಮುದ್ದೆ ಮಾಡುತ್ತಿದ್ದ.

"ಹರೀಬೇಡ! ಕೊಡು ಇಲ್ಲಿ!"

"ಒಲೆಗೆ ಹಾಕ್ತೀನಿ ಬಿಡೆ."

"ರಾಯ್ಸೇ ನಂಬರ್ ಕೊಟ್ಟಿದಾನೆ ನೋಡು. ಸಹಿ ಸಮೇತ! ಆ ಅಧಿಕಾರಿ ಕೇಳಿದ್ದು ಇಂಥ ಕಾಗದಾನೇ, ಇನ್ನೂ ಒಂಬತ್ತು ದಿನ ಇದೆ!"

ಮುದುಕ ಕಾಗದ ಬಿಡಿಸಿ, ಮೂಗಿನ ಹತ್ತಿರ ಹಿಡಿದು ಓದಿದ. ಎರಡು ಸಲ. ಆಮೇಲೆ ಪಕ್ಕದ ಮನೆಯ ತಗಡನ್ನು ಮುಷ್ಟಿಯಿಂದ ಗುದ್ದತೊಡಗಿದ.

"ಎದ್ದೇಳ್ರೋ! ಕಾಗದ ತಗೊಂಡು ಹೊರಗೆ ಬನ್ರೋ!"

ಬಾಗಿಲುಗಳು ಒಂದೊಂದಾಗಿ ತೆರೆದವು.