ಗುಡಿಸಿಟ್ಟ ಜಾಗ

ಫಿಲೆಮೋನಿ ಎತ್ತಿದ ಗುದ್ದಲಿ ನೆಲಕ್ಕೆ ಬೀಳುವ ಮೊದಲೇ ಶಾದ್ರಕಿ ತನ್ನ ಊರುಗೋಲನ್ನು ಅಡ್ಡ ಹಿಡಿದ.

"ಇಲ್ಲಿ ಬೇಡ."

ಬಾಳೆಯ ತೋಟದಲ್ಲಿ ಇನ್ನೂ ಇಬ್ಬನಿ ಆರಿರಲಿಲ್ಲ. ಗುಂಡಿ ತೋಡಲು ಬಂದಿದ್ದ ನೆರೆಯವರು ನಾಲ್ವರೂ ಕೈಕಟ್ಟಿ ನಿಂತರು. ಫಿಲೆಮೋನಿಯ ತಂದೆ ಅನಾಯೇಲಿಯ ದೇಹ ಮಧ್ಯಾಹ್ನದ ಹೊತ್ತಿಗೆ ಮೋಶಿ ಪಟ್ಟಣದ ಆಸ್ಪತ್ರೆಯಿಂದ ಬರುವುದಿತ್ತು. ಎರಡು ಗಂಟೆಗೆ ಪಾದ್ರಿ ಬರುತ್ತಾರೆ. ಕಿಲಿಮಂಜಾರೋದ ಇಳಿಜಾರಿನ ಈ ಊರಿನಲ್ಲಿ ಸತ್ತವರನ್ನು ಅವರವರ ತೋಟದಲ್ಲೇ ಮಣ್ಣು ಮಾಡುತ್ತಾರೆ. ಆದರೆ ತಲೆಮಾರಿನಿಂದ ತಲೆಮಾರಿಗೆ ಪಾಲಾಗಿ ಅನಾಯೇಲಿಯ ತೋಟದಲ್ಲಿ ಉಳಿದದ್ದೇ ಅಷ್ಟು. ಮನೆ, ಹಟ್ಟಿ, ಅಡಿಗೆಯ ಗುಡಿಸಲು, ನೀರಿನ ಕಾಲುವೆ, ತಂದೆತಾಯಿಯರ ಸಿಮೆಂಟಿನ ಗೋರಿಗಳು. ಮಿಕ್ಕ ಕಡೆಯೆಲ್ಲ ಬಂಡೆ. ಒಂದೇ ಒಂದು ಜಾಗ ಮಾತ್ರ ಖಾಲಿ ಇತ್ತು. ಒಬ್ಬ ಮನುಷ್ಯ ಮಲಗುವಷ್ಟು ಉದ್ದ, ಅದಕ್ಕೆ ತಕ್ಕ ಅಗಲ. ಅದರ ಸುತ್ತ ಬೇಲಿಯಂತೆ ನೆಟ್ಟ, ನೀಳ ಎಲೆಯ ಇಸಾಲೆ ಗಿಡಗಳು. ಒಂದು ಹುಲ್ಲುಕಡ್ಡಿಯೂ ಇಲ್ಲದ, ಗುಡಿಸಿಟ್ಟ ಮಣ್ಣು.

"ಮತ್ತೆಲ್ಲಿ ಚಿಕ್ಕಪ್ಪ? ನೀವೇ ತೋರಿಸಿ," ಎಂದ ಫಿಲೆಮೋನಿ. "ಬರ್ತಾರೆ ಅನ್ನೋ ನಂಬಿಕೆಯೇ ಇಲ್ಲದವರಿಗೆ ಜಾಗ ಹಿಡಿದಿಟ್ಟು ಏನು ಉಪಯೋಗ ಅಂತ ಅಪ್ಪನ ಹತ್ರ ವರ್ಷಗಟ್ಟಲೆ ಜಗಳ ಆಡಿದ್ದು ನೀವೇ ಅಲ್ವಾ? ಇವತ್ತು ನೀವೇ ಬೇಡ ಅಂತೀರಿ."

ನೆರೆಯ ಮುದುಕ ಕಿಲೆಯೊ ಬಾಯೊಳಗೇ ನಕ್ಕ. "ಮೇಷ್ಟರು ಹಳೇ ಪಾಠ ಮರೆತರು ಅಂತ ಕಾಣುತ್ತೆ," ಎಂದ.

ಶಾದ್ರಕಿ ಕೋಲನ್ನು ಇಳಿಸಿದ. ಎಪ್ಪತ್ತೊಂಬತ್ತು ವರ್ಷದ ಮುದುಕ, ನಿವೃತ್ತ ಉಪಾಧ್ಯಾಯ, ಕ್ರೈಸ್ತ ಸಭೆಯ ಹಿರಿಯ. ಊರಿನವರ ಜಗಳಗಳಿಗೆ ಮಾತು ಹುಡುಕಿ ಕೊಟ್ಟವನು. "ಸ್ವಲ್ಪ ತಡೀರಿ," ಎಂದಷ್ಟೇ ಹೇಳಿ ಅತ್ತಿಗೆಯನ್ನು ಕಾಣಲು ಮನೆಯ ಕಡೆ ನಡೆದ.

*

ಆ ಜಾಗವನ್ನು ತಂದೆ ಅವರಿಗೆ ತೋರಿಸಿದಾಗ ಅನಾಯೇಲಿಗೆ ಹತ್ತು ವರ್ಷ, ಶಾದ್ರಕಿಗೆ ಆರು.

ತಂದೆ ತಾನು ಚಿಕ್ಕವನಾಗಿದ್ದಾಗ ಕಂಡದ್ದನ್ನು ಹೆಚ್ಚು ಹೇಳಿದವನಲ್ಲ. ಆಗ ಈ ಸೀಮೆಯನ್ನು ಆಳುತ್ತಿದ್ದ ಜರ್ಮನ್ನರು ಅಜ್ಜನನ್ನು ಇನ್ನೂ ಹಲವರೊಂದಿಗೆ ಮರಕ್ಕೆ ನೇತುಹಾಕಿದರು. ಮುಂಜಾನೆಯಿಂದ ಸಂಜೆಯವರೆಗೆ ಊರಿನವರನ್ನೆಲ್ಲ ಅಲ್ಲೇ ನಿಲ್ಲಿಸಿದ್ದರು. ಆಮೇಲೆ ದೇಹವನ್ನು ಎಲ್ಲಿ ಹೂತರೋ ಯಾರಿಗೂ ಹೇಳಲಿಲ್ಲ. ತಲೆಯನ್ನು ಪೆಟ್ಟಿಗೆಯಲ್ಲಿಟ್ಟು ಹಡಗಿನಲ್ಲಿ ತಮ್ಮ ದೇಶಕ್ಕೆ ಕಳುಹಿಸಿದರು. ಬುರುಡೆ ಅಳೆದು ಜನಾಂಗಗಳನ್ನು ಹೋಲಿಸುವುದಕ್ಕಂತೆ.

ಹಿಂದಿನ ಕಾಲದಲ್ಲಿ ಹೂತವರ ತಲೆಬುರುಡೆಯನ್ನು ಕೆಲವು ಮಳೆಗಾಲ ಕಳೆದ ಮೇಲೆ ತೆಗೆದು, ತೋಟದಲ್ಲಿ ಇಸಾಲೆ ಗಿಡಗಳ ನಡುವೆ ಹಿಮದ ಬೆಟ್ಟಕ್ಕೆ ಮುಖಮಾಡಿ ಇಡುತ್ತಿದ್ದರು. ಹಾಗೆ ಇಟ್ಟ ಮೇಲೆಯೇ ಸತ್ತವನು ಮನೆಗೆ ಬಂದಂತೆ. ತಂದೆ ಕ್ರೈಸ್ತನಾದ. ಆದರೂ ಅಜ್ಜನಿಗೆಂದು ಜಾಗ ಬಿಟ್ಟ. ಪೂರ್ತಿ ಮನುಷ್ಯನ ಉದ್ದಕ್ಕೇ ಬಿಟ್ಟ.

"ತಲೆ ಬಂದರೆ ಸಾಕು," ಎಂದಿದ್ದ. "ಮಿಕ್ಕದ್ದು ಮಣ್ಣು ನೋಡಿಕೊಳ್ಳುತ್ತೆ. ನೀವಿಬ್ಬರು ಗುಡಿಸುತ್ತಾ ಇರಿ."

ಗುಡಿಸಿದವನು ಅನಾಯೇಲಿ ಒಬ್ಬನೇ. ಪ್ರತಿ ಶನಿವಾರ ಸಂಜೆ ಕಡ್ಡಿ ಪೊರಕೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ, ಬಾಚಿದ ತಲೆಯ ಹಾಗೆ ಗೆರೆ ಮೂಡಿಸುತ್ತಾ ಹಿಂದೆ ಹಿಂದೆ ಬರುತ್ತಿದ್ದ. ಭಾನುವಾರ ಮುಂಜಾನೆ ದೇವಾಲಯಕ್ಕೆ ಹೋಗಿ ಘಂಟೆ ಬಾರಿಸುತ್ತಿದ್ದ. ನಲವತ್ತು ವರ್ಷ ಅವನದು ಅದೇ ಸೇವೆ. ಘಂಟೆಯ ಮೇಲೆ ಜರ್ಮನ್ ಅಕ್ಷರಗಳಿದ್ದವು. "ಅಜ್ಜನ ತಲೆ ಒಯ್ದ ಹಡಗೇ ವಾಪಸು ಬರುವಾಗ ಇದನ್ನು ತಂದಿರಬೇಕು," ಎಂದು ಅವನು ಒಮ್ಮೆ ಹೇಳಿದ್ದ. ಆ ಮಾತಿನಲ್ಲಿ ಕಹಿ ಇರಲಿಲ್ಲ. ಲೆಕ್ಕ ಇನ್ನೂ ಮುಗಿದಿಲ್ಲ ಎನ್ನುವವನ ತಾಳ್ಮೆ ಇತ್ತು.

*

ಅಡಿಗೆಯ ಗುಡಿಸಲಿನಲ್ಲಿ ಅನಾಯೇಲಿಯ ಹೆಂಡತಿ ತಾಬಿತಾ ಕಣ್ಣೊರೆಸಿಕೊಳ್ಳುತ್ತಾ ಬಾಳೆಕಾಯಿ ಸುಲಿಯುತ್ತಿದ್ದಳು. ಸುಲಿಯಬೇಡ ಎಂದು ಹೆಂಗಸರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಸುಮ್ಮನೆ ಕೂತರೆ ಅಳು ಬರುತ್ತದೆ, ಅತ್ತುಕೊಂಡೇ ಸುಲಿದರೆ ಊಟವಾದರೂ ಆಗುತ್ತದೆ ಎಂದಳಂತೆ.

ಶಾದ್ರಕಿ ಹೊಸ್ತಿಲಲ್ಲಿ ನಿಂತು ಕೇಳಿದ: "ಅಣ್ಣನನ್ನು ಅಜ್ಜನ ಜಾಗದಲ್ಲಿ ಇಡೋದಕ್ಕೆ ಹೊರಟಿದಾರೆ ಅತ್ತಿಗೆ. ನೀವೇನಂತೀರಿ?"

"ನಾನೇನು ಅನ್ನಲಿ? ಇವರೇ ಹೇಳಿದ್ರು, ಅದು ನನ್ನ ಜಾಗ ಅಲ್ಲ, ನನ್ನನ್ನ ಅಲ್ಲಿ ಹಾಕಬೇಡಿ ಅಂತ. ಮತ್ತೆಲ್ಲಿ ಹಾಕಲಿ ಅಂದೆ. ಶಾದ್ರಕಿ ನೋಡ್ಕೋತಾನೆ ಅಂದ್ರು."

"ನನ್ನ ಹೆಸರು ಹೇಳಿದನೇ?"

ತಾಬಿತಾ ಚಾಕುವನ್ನು ಕೆಳಗಿಟ್ಟಳು. "ಮಾತು ಬಿಟ್ಟಿದ್ದು ನೀನು. ಅವರಲ್ಲ."

*

ಮೂರು ವರ್ಷದ ಹಿಂದೆ ದೂರದಿಂದ ಕೆಲವರು ಬಂದಿದ್ದರು. ಜರ್ಮನಿಯ ಯಾವುದೋ ಉಗ್ರಾಣದಲ್ಲಿ ಈ ಸೀಮೆಯ ತಲೆಬುರುಡೆಗಳಿವೆ, ಬರಿಯ ಸಂಖ್ಯೆ ಬರೆದಿದೆ, ಹೆಸರಿಲ್ಲ ಎಂದರು. ಮನೆತನದವರ ಎಂಜಲನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಹೋಲಿಸಿದರೆ ಯಾರು ಯಾರ ಅಜ್ಜ ಎಂದು ಗೊತ್ತಾಗಬಹುದಂತೆ. ಒಬ್ಬರದಕ್ಕಿಂತ ಅಣ್ಣತಮ್ಮ ಇಬ್ಬರದೂ ಇದ್ದರೆ ಒಳ್ಳೆಯದಂತೆ. ಅನಾಯೇಲಿ ಕುರ್ಚಿಯಲ್ಲಿ ಕೂತು, ದೇವಾಲಯದಲ್ಲಿ ಪ್ರಭುಭೋಜನದ ರೊಟ್ಟಿಗೆ ತೆರೆಯುವಂತೆ ಬಾಯಿ ತೆರೆದ.

ಶಾದ್ರಕಿ ತೆರೆಯಲಿಲ್ಲ. ತಲೆ ಒಯ್ದದ್ದು ಸಾಲದೇ, ಈಗ ಎಂಜಲೂ ಬೇಕೇ ಎಂದು ಬಂದವರ ಎದುರಿಗೇ ಕೇಳಿದ. ಆ ಮಾತಾದರೂ ನ್ಯಾಯದ್ದೇ ಇರಬಹುದು. ಆಮೇಲೆ ಆಡಿದ್ದು ನ್ಯಾಯದ್ದಲ್ಲ. ಸಭೆಯ ಹಿರಿಯರು ಕೂತಿದ್ದಾಗ ಅವನೇ ಎದ್ದು, ಬುರುಡೆಗೆ ಜಾಗ ಗುಡಿಸುವವನ ಕೈಯಲ್ಲಿ ದೇವರ ಘಂಟೆಯ ಹಗ್ಗ ಇರಬಾರದು ಎಂದ. ಅನಾಯೇಲಿಗೆ ವಯಸ್ಸಾಯಿತೆಂದು ನೆಪ ಬರೆದು ಘಂಟೆಯನ್ನು ಬೇರೆಯವನಿಗೆ ಕೊಟ್ಟರು. ಮುಂದಿನ ಭಾನುವಾರ ಅನಾಯೇಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಘಂಟೆ ಹೊಡೆದಾಗ ಅವನ ಎರಡು ಕೈಗಳೂ ಮಡಿಲಿನಲ್ಲಿ ಸಣ್ಣಗೆ ಮೇಲೆದ್ದು ಇಳಿದವು. ಶಾದ್ರಕಿ ಅದನ್ನು ಕಂಡ. ಕಂಡೂ ತಿರುಗಿ ನೋಡದವನಂತೆ ಕೂತ.

ಒಂದು ವರ್ಷದ ಮೇಲೆ ಕಾಗದ ಬಂತು. ಒಬ್ಬರ ಎಂಜಲಿನಿಂದ ಏನೂ ತೀರ್ಮಾನವಾಗಲಿಲ್ಲ ಎಂದು ಬರೆದಿತ್ತು.

ಈ ವರ್ಷದ ಈಸ್ಟರ್ ಹಬ್ಬದ ಬೆಳಿಗ್ಗೆ ಶಾದ್ರಕಿ ಒಂದು ಇಸಾಲೆ ಎಲೆ ಕೊಯ್ದು ಗಂಟು ಹಾಕಿಕೊಂಡಿದ್ದ. ತಪ್ಪು ಮಾಡಿದವನು ಗಂಟು ಹಾಕಿದ ಇಸಾಲೆ ಎಲೆಯನ್ನು ತಂದು ಕೈಗೆ ಕೊಟ್ಟರೆ ಎಂಥ ಸಿಟ್ಟಿನವನೂ ಒಲ್ಲೆ ಎನ್ನುವಂತಿಲ್ಲ. ಈ ಬೆಟ್ಟದ ಮೇಲೆ ಹಾಗೆ ಒಲ್ಲೆ ಎಂದವರಿಲ್ಲ. ಕಾಲುವೆಯವರೆಗೂ ಹೋದ. ಆಚೆ ಅಣ್ಣ ಹಸುವಿಗೆ ಬಾಳೆದಿಂಡು ಕತ್ತರಿಸುತ್ತಿದ್ದ. ಹಳೆಯ ಪದ್ಧತಿಯನ್ನು ಬೈದ ಬಾಯಿಯಿಂದ, ಹಳೆಯ ಪದ್ಧತಿಯ ಎಲೆ ಹಿಡಿದು ಹೋಗುವುದು ಹೇಗೆ ಎಂದು ನಾಚಿಕೆಯಾಯಿತು. ನಾಳೆ ನೋಡೋಣ ಎಂದು ಎಲೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹಿಂತಿರುಗಿದ.

ಅದೇ ಕೋಟನ್ನು ಇಂದು ತೊಟ್ಟಿದ್ದ. ಎಲೆ ಒಣಗಿತ್ತು. ಗಂಟು ಬಿಚ್ಚಿರಲಿಲ್ಲ.

*

ಶಾದ್ರಕಿ ತೋಟಕ್ಕೆ ಹಿಂತಿರುಗಿದಾಗ ಫಿಲೆಮೋನಿ ಗುದ್ದಲಿಯ ಮೇಲೆ ಗಲ್ಲವೂರಿ ಕಾಯುತ್ತಿದ್ದ.

"ನನ್ನ ಕಡೆ ತೋಡಿ," ಎಂದ ಶಾದ್ರಕಿ. ಗಡಿಯಾಚೆ, ಅಜ್ಜನ ಜಾಗಕ್ಕೆ ತಾಗಿಕೊಂಡಂತೆ ತನ್ನ ಪಾಲಿನಲ್ಲಿದ್ದ ಕಾಫಿ ಗಿಡಗಳನ್ನು ಕೋಲಿನಿಂದ ತೋರಿಸಿದ. "ಆ ಆರು ಗಿಡ ಕಡಿದು ಹಾಕಿ."

"ಚಿಕ್ಕಪ್ಪ, ಕಾಯಿ ಕೆಂಪಾಗ್ತಾ ಇದೆ."

"ಕಾಣ್ತಾ ಇದೆ ನನಗೆ. ಕಡಿ."

"ಬದುಕಿದ್ದಾಗ ಒಂದು ಹಣ್ಣು ಕೀಳೋಕೆ ಬಿಡಲಿಲ್ಲ ಅಣ್ಣನಿಗೆ," ಎಂದ ಕಿಲೆಯೊ, ಕತ್ತಿ ಎತ್ತಿಕೊಳ್ಳುತ್ತಾ. ಈ ಸಲ ಅವನು ನಗಲಿಲ್ಲ. ಶಾದ್ರಕಿಗೂ ಸಿಟ್ಟು ಬರಲಿಲ್ಲ. ನಿಜವನ್ನು ಹೇಳುವವನೊಬ್ಬ ಮಣ್ಣಿಗೆ ಬಂದಿದ್ದಾನೆ ಎಂದು ಸಮಾಧಾನವೇ ಆಯಿತು.

ಎರಡು ಗಂಟೆಗೆ ತೋಟದ ತುಂಬ ಜನ. ತುತ್ತೂರಿಯವರು ಹಳೆಯ ಕೀರ್ತನೆ ನುಡಿಸಿದರು. ಕಿರಿದಾದ ಜಾಗದಲ್ಲಿ ಜನ ಒತ್ತಿ ನಿಂತು, ಹಿಂದಿನವರು ಮುಂದಿನವರ ಹೆಗಲ ಮೇಲಿಂದ ಇಣುಕುತ್ತಿದ್ದರು. ಶಾದ್ರಕಿ ಇಸಾಲೆ ಗಿಡಗಳ ಪಕ್ಕದಲ್ಲೇ ನಿಂತ. ಯಾರ ಕಾಲಾದರೂ ಆ ಕಡೆ ಸರಿದರೆ ಕೋಲನ್ನು ಸುಮ್ಮನೆ ಅಡ್ಡ ಇಡುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಕೋಲಿನ ಅಗತ್ಯವೇ ಉಳಿಯಲಿಲ್ಲ. ಯಾರೂ ಯಾರಿಗೂ ಹೇಳದೆಯೇ ಜನ ಆ ಮಣ್ಣನ್ನು ಬಿಟ್ಟು ಸುತ್ತ ನಿಂತರು.

ಸತ್ತವನ ಬಾಳಿನ ವಿವರವನ್ನು ಓದುವುದು ಮನೆಯ ಹಿರಿಯನ ಕೆಲಸ. ಫಿಲೆಮೋನಿ ಅದನ್ನು ಒಂದು ಹಾಳೆಯಲ್ಲಿ ಬರೆದಿದ್ದ. ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ಐದು ಮಕ್ಕಳು, ಹದಿನಾಲ್ಕು ಮೊಮ್ಮಕ್ಕಳು, ನಲವತ್ತು ವರ್ಷ ಘಂಟೆಯ ಸೇವೆ. ಶಾದ್ರಕಿ ಶಾಲೆಯಲ್ಲಿ ಓದಿದ ಹಾಗೆ ಸ್ಪಷ್ಟವಾಗಿ ಓದಿದ. ಹಾಳೆ ಮುಗಿಯಿತು. ಅವನು ಮಡಿಸಲಿಲ್ಲ.

"ಇದರಲ್ಲಿ ಎರಡು ವಿಷಯ ಬಿಟ್ಟುಹೋಗಿದೆ," ಎಂದ. "ಅಣ್ಣ ಪ್ರತಿ ಶನಿವಾರ ಅಜ್ಜನ ಜಾಗ ಗುಡಿಸ್ತಿದ್ದ. ಇನ್ನೊಂದು, ಘಂಟೆಯ ಹಗ್ಗ ಅವನಾಗಿ ಬಿಟ್ಟದ್ದಲ್ಲ. ನಾನು ಬಿಡಿಸಿದ್ದು."

ಪಾದ್ರಿ ತಲೆ ತಗ್ಗಿಸಿದರು. ಯಾರೋ ಕೆಮ್ಮಿದರು. ತಾಬಿತಾ ಮಾತ್ರ ಮುಖವೆತ್ತಿ ಮೈದುನನನ್ನು ನೋಡಿದಳು.

*

ಊಟ ಮುಗಿದು ಜನ ಕರಗಿದ ಮೇಲೆ ಅವಳು ತೋಟಕ್ಕೆ ಬಂದಳು. ಶಾದ್ರಕಿ ಜೇಬಿನಿಂದ ಎಲೆ ತೆಗೆದು ತೋರಿಸಿದ. ಈಸ್ಟರ್ ದಿನದ್ದು ಎಂದ.

"ಅವತ್ತು ನೀನು ಕಾಲುವೆ ಹತ್ರ ನಿಂತಿದ್ದನ್ನ ಇವರು ನೋಡಿದ್ರು," ಎಂದಳು ತಾಬಿತಾ. "ಒಳಗೆ ಬಂದು ಕೈ ತೊಳ್ಕೊಂಡು ಕೂತ್ರು. ಕೊಳೆ ಕೈಯಲ್ಲಿ ಎಲೆ ತಗೋಬಾರದು ಅಂತ. ಸಂಜೆವರೆಗೂ ಕೂತಿದ್ರು."

ಅವಳು ಎಲೆಗೆ ಕೈ ಚಾಚಲಿಲ್ಲ. ಚಾಚಬೇಕಾದ ಕೈ ಅವಳದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತಿರುಗಿ ಒಳಗೆ ಹೋದಳು.

ಶಾದ್ರಕಿ ಒಬ್ಬನೇ ಉಳಿದ. ಅಜ್ಜನ ಜಾಗದ ಮೇಲೆ ಪೊರಕೆಯ ಗೆರೆಗಳು ಇನ್ನೂ ಹಾಗೆಯೇ ಇದ್ದವು, ಒಂದು ತುದಿಯಿಂದ ಇನ್ನೊಂದು ತುದಿಗೆ. ಕಳೆದ ಶನಿವಾರದವು. ಆಸ್ಪತ್ರೆಗೆ ಹೋಗುವ ಮುನ್ನ ಆ ಕೈ ಮಾಡಿದ ಕೊನೆಯ ಕೆಲಸ. ಮುನ್ನೂರು ಜನ ಬಂದು ಹೋದರೂ ಒಂದು ಗೆರೆಯೂ ಅಳಿಸಿರಲಿಲ್ಲ.

ಗಾಳಿ ಬೀಸಿತು. ಮೇಲಿನಿಂದ ಒಂದು ಒಣ ಬಾಳೆಲೆ ಬಂದು ಸರಿಯಾಗಿ ನಡುವೆ ಬಿತ್ತು.

ಶಾದ್ರಕಿ ಕಾಲಿಡಲಿಲ್ಲ. ಹಬ್ಬದ ಷರಾಯಿಯಲ್ಲೇ ಅಂಚಿಗೆ ಮಂಡಿಯೂರಿದ, ಆಮೇಲೆ ಹೊಟ್ಟೆಯ ಮೇಲೆ ಮಲಗಿದ. ಕೋಲನ್ನು ಚಾಚಿ ಬಾಳೆಲೆಯನ್ನು ತುದಿಗೆ ಸಿಕ್ಕಿಸಿ ಮೆಲ್ಲಮೆಲ್ಲನೆ ಎಳೆದುಕೊಂಡ. ಎಲೆ ಕೈಗೆ ಬಂತು. ಕೋಲು ಎಳೆದಲ್ಲಿ ಅಣ್ಣನ ಗೆರೆಗಳಿಗೆ ಅಡ್ಡಲಾಗಿ ಒಂದು ಗೀರು ಬಿದ್ದಿತ್ತು.