ಗಾಲಿ ಇಲ್ಲದ ಹಡಗು

ಉಪ್ಪಿನ ಮೂಟೆಯ ಹೊಲಿಗೆ ಬಿಚ್ಚಲು ಅಂಬಾದಾಸನಿಗೆ ಆಗಲಿಲ್ಲ. ಮಗನ ಹೆಣ ಇಳಿಸಿದ ಗುಂಡಿಯ ಅಂಚಿನಲ್ಲಿ ಕೂತು ದಾರ ಎಳೆಯುತ್ತಲೇ ಇದ್ದ. ಸೊಸೆ ಪೂನಂ ಬಗ್ಗಿ ಹಲ್ಲಿನಿಂದ ಕಡಿದಳು.

"ಬಾಯಾಗ ಉಪ್ಪು ಹೋಗಿರ್ತದ, ಉಗುಳವ್ವ," ಎಂದ.

ಅವಳು ಉಗುಳಲಿಲ್ಲ.

ಬುದ್ಧವಂದನೆ ಮುಗಿದಿತ್ತು. ಒಬ್ಬೊಬ್ಬರೇ ಬಂದು ಹಿಡಿ ಉಪ್ಪು, ಹಿಡಿ ಮಣ್ಣು ಹಾಕಿದರು.

"ಬಸವಕಲ್ಯಾಣದಾಗ ಹುಟ್ಟಿದವಗ ಹಡಗಿನ ಹುಚ್ಚು ಹ್ಯಾಂಗ ಹತ್ತಿತೋ," ಎಂದಳು ಪೂನಂಳ ನಾದಿನಿ ಸುಜಾತಾ. "ತ್ರಿಪುರಾಂತ ಕೆರ್‍ಯಾಗ ಈಜಾಕೂ ಬರ್ತಿದ್ದಿಲ್ಲ ಅಣ್ಣಗ."

ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗಂಗಾವಳಿ ಎಂಬ ಆ ಹಡಗು ಕರಾವಳಿಯಲ್ಲಿ ಅಕ್ಕಿ ಸಾಗಿಸುತ್ತಿದ್ದ ಮೊದಮೊದಲ ಉಗಿಹಡಗುಗಳಲ್ಲಿ ಒಂದು. ಅದರ ಬಗ್ಗೆ ಯಾರೂ ಬರೆದಿರಲಿಲ್ಲ. ಹುಮನಾಬಾದಿನಲ್ಲಿ ಪಾಠ ಹೇಳುತ್ತಿದ್ದ ಪೂನಂಳ ಗಂಡ ರತ್ನದೀಪ ರಜೆಗಳನ್ನೆಲ್ಲ ಮಂಗಳೂರು, ಮುಂಬೈಗೆ ಸುರಿದು ಅದನ್ನು ಹುಡುಕಿದ. ಅದರಿಂದ ಹುಟ್ಟಿ ಅಚ್ಚಿಗೆ ಸಿದ್ಧವಾದ ಪುಸ್ತಕದ ಮೇಲೆ ಮಾತ್ರ ಅವನ ಸಂಶೋಧನೆಯ ಗೈಡ್ ಧನರಾಜ ಸರ್ ಒಬ್ಬರದೇ ಹೆಸರು.

*

ನಿನ್ನೆ ಬೆಳಿಗ್ಗೆ ಅವನು ಚಹಾ ಅರ್ಧಕ್ಕೆ ಬಿಟ್ಟು ಬೈಕಿನ ಕೀಲಿ ತೆಗೆದುಕೊಂಡ. ಕೈಯಲ್ಲಿ ಅಂಚೆಯಲ್ಲಿ ಬಂದ ಹಳೆಯ ಚಿತ್ರದ ಪ್ರತಿ. ಹಡಗಿನ ಎರಡೂ ಪಕ್ಕ ನೀರು ತಳ್ಳುವ ದೊಡ್ಡ ಗಾಲಿ.

"ಇದು ನಮ್ಮ ಹಡಗು. ಇದು ಮುಳುಗಿದ ಮ್ಯಾಲೆ ಅದೇ ಹೆಸರಿಲೆ ಇನ್ನೊಂದು ಬಂದದ, ಗಾಲಿ ಇಲ್ಲದ್ದು. ಮುಖಪುಟದಾಗಿನ ಫೋಟೋ ಅದರದು. ಅರ್ಧ ಪುಸ್ತಕನೂ ಅದರದೇ. ನಾನೇ ತಪ್ಪು ತಿಳಕೊಂಡು ಕೊಟ್ಟಿದ್ದೆ. ಬೀದರಕ್ಕ ಹೋಗಿ ಸರ್‌ಗೆ ತೋರಿಸಿ ಬರ್ತೀನಿ."

"ನಿಮ್ಮ ಹೆಸರ ತೆಗೆದವರಿಗೆ ಹೋಗಿ ಹೇಳ್ತೀರೇನ್ರಿ?"

"ಹಡಗೇನ್ ಮಾಡ್ಯದ, ಪೂನಂ? ತಪ್ಪು ಅಚ್ಚಾಗಬಾರದು."

ಹಳ್ಳಿಖೇಡದ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂತು. ಜೇಬಿನಲ್ಲಿದ್ದ ಚಿತ್ರವನ್ನು ಆಸ್ಪತ್ರೆಯವರು ಅವಳ ಕೈಗೆ ಕೊಟ್ಟರು.

*

ಧನರಾಜ ಸರ್ ಉಪ್ಪು ಹಾಕಿ ಅವಳ ಬಳಿ ಬಂದರು.

"ಪುಸ್ತಕದ್ದು ಏನೋ ಹೇಳೂದದ, ಬರ್ತೀನಿ ಅಂತ ನಿನ್ನೆ ಫೋನ್ ಮಾಡಿದ್ದ. ಏನಿತ್ತು ತಂಗಿ? ನಾಳೆ ಅಚ್ಚಿಗೆ ಹೋಗಾಕತ್ತದ."

ಚಿತ್ರ ಅವಳ ಬಿಳಿ ಸೀರೆಯ ಮಡಿಕೆಯಲ್ಲೇ ಇತ್ತು. ಅವಳು ಗುಂಡಿಯ ಕಡೆ ನೋಡಿದಳು. ಮುಖ ಆಗಲೇ ಮುಚ್ಚಿತ್ತು.

"ಮುಖಪುಟ ಭಾಳ ಛಲೋ ಆಗ್ಯದ ಅಂತ ಹೇಳಾಕ ಹೊಂಟಿದ್ರು ಸರ್."

ಅವರ ಕಣ್ಣು ತುಂಬಿತು. ಬಿಡುಗಡೆಗೆ ದೊಡ್ಡ ದೊಡ್ಡ ವಿದ್ವಾಂಸರು ಬರುತ್ತಾರೆ, ನೀನೂ ಬಂದು ಮುಂದಿನ ಸಾಲಿನಲ್ಲೇ ಕೂಡಬೇಕು ಎಂದರು.

"ಬರ್ತೀನ್ರಿ."

ಅವರು ಮೊಬೈಲ್ ತೆಗೆದು ಮುಖಪುಟ ತೋರಿಸಿದರು. ಹಡಗು, ಅದರ ಕೆಳಗೆ ಅವರ ಹೆಸರು. ಅವರ ಹೆಬ್ಬೆರಳಿನಿಂದ ಉಪ್ಪಿನ ಹರಳೊಂದು ಜಾರಿ ಹಡಗಿನ ಪಕ್ಕಕ್ಕೆ, ಗಾಲಿ ಇರಬೇಕಾದ ಕಡೆ ಅಂಟಿಕೊಂಡಿತು. ಅವರು ಕರವಸ್ತ್ರ ತೆಗೆದು ಅದನ್ನು ಮೆಲ್ಲಗೆ ಒರೆಸಿದರು.