ಹೊರಗೆ ಹೋಗುವ ಬಾಗಿಲು

ಫೆಬ್ರವರಿಯ ಒಂದು ಗುರುವಾರದ ಬೆಳಗು, ಮಳೆ ಇನ್ನೂ ಬಿಟ್ಟಿರಲಿಲ್ಲ. ಪರದೇಶದ ಲಿಮೆರಿಕ್ ನಗರದ ಹೊರವಲಯದ ಚಿತಾಗಾರದಲ್ಲಿ ವಸುಂಧರಾ ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿ ನೋಡುತ್ತಿದ್ದರು. ಗಂಡ ಸತ್ಯಪ್ರಕಾಶರ ಮುಖ ಕಾಣುತ್ತಿತ್ತು, ಎದೆಯವರೆಗೆ ಸೂಟು ಕಾಣುತ್ತಿತ್ತು. ಅಲ್ಲಿಂದ ಕೆಳಗೆ ಅರ್ಧ ಮುಚ್ಚಳ.

“ಇಂಚರಾ, ಅಪ್ಪನ ಕಾಲಿಗೆ ಏನು ಹಾಕಿದಾರೆ?”

ಮಗಳು ತಲೆ ತಗ್ಗಿಸಿದಳು. “ಸೂಟ್ ಜೊತೆ ಶೂನೂ ಕೊಟ್ಟೆ ಅಮ್ಮಾ. ಇಲ್ಲಿ ಎಲ್ರೂ ಹಾಗೇ... ಇಟ್ಸ್ ಗ್ರ್ಯಾಂಡ್, ಏನೂ ತಪ್ಪಿಲ್ಲ.”

“ಜೋಡು ಹಾಕಿಸಿ ಅಗ್ನಿಗೆ ಕೊಡ್ತೀವೇನೇ?”

ಪಕ್ಕದ ಮನೆಯ ಶ್ರೀಕಂಠ ಮೆಲ್ಲಗೆ ಅಂದರು, “ಬಾಯ್ಲರ್ ರಿಪೇರಿಗೆ ಬಂದೋನ ಬೂಟನ್ನೂ ಹೊಸಲಲ್ಲೇ ಬಿಚ್ಚಿಸ್ತಿದ್ರು ನಮ್ಮ ಸತ್ಯಣ್ಣ. ಈಗ ಅವರಿಗೇ ಹಾಕಿಸಿ ಮಲಗಿಸಿದೀರಲ್ಲಮ್ಮ!”

“ಸುಮ್ನಿರ್ರೀ,” ಎಂದು ಅವರ ಹೆಂಡತಿ ವಾಸಂತಿ ತಿವಿದರು.

ಮುಚ್ಚಳ ಹಾಕುವ ಹೊತ್ತು ಬಂದಿತ್ತು. ಅಂತ್ಯಕ್ರಿಯೆ ನಡೆಸಿಕೊಡುವ ಡೆಕ್ಲನ್ ಎರಡು ಸಲ ಗಡಿಯಾರ ನೋಡಿದ. ವಸುಂಧರಾ ಸುತ್ತ ನೋಡಿದರು. ಇಷ್ಟು ಜನರ ಮುಂದೆ, ಯಾವ ಇಂಗ್ಲಿಷಿನಲ್ಲಿ ಕೇಳುವುದು?

*

ನಿವೃತ್ತಿಗೆ ಮೊದಲು ಕಂಪನಿ ಕೆಲಸಕ್ಕೆ ಜಪಾನಿಗೆ ಹೋದಾಗ ಸತ್ಯಪ್ರಕಾಶ್ ಹೆಂಡತಿಯನ್ನೂ ಕರೆದೊಯ್ದಿದ್ದರು. ಅಲ್ಲಿ ಇಬ್ಬರೂ ನೋಡಲು ಹೋದದ್ದು ಗಣಿಗಳ ಒಡೆಯನೊಬ್ಬ ಹಿಂದಿನ ಕಾಲದಲ್ಲಿ ಕಟ್ಟಿಸಿದ ಬಂಗಲೆ. ಬಾಗಿಲಲ್ಲಿ ಒಂದೊಂದು ಚೀಲ ಕೊಟ್ಟರು. ಶೂ ಬಿಚ್ಚಿ ಅದರಲ್ಲಿಟ್ಟು ಕೈಯಲ್ಲೇ ಹಿಡಿದು ನಡೆಯಬೇಕು, ಹೊರಗೆ ಹೋಗುವ ಬಾಗಿಲು ಬೇರೆ. ಹುಲ್ಲುಚಾಪೆಯ ಕೋಣೆ ದಾಟಿದರೆ ಮತ್ತೊಂದು ಅಂಥದೇ ಕೋಣೆ. ಎಲ್ಲಿ ನೋಡಿದರೂ ಸರಿಯುವ ಬಾಗಿಲು. ದಾರಿ ತಪ್ಪಿತೆಂದು ವಸುಂಧರಾ ಬೆವತರು.

“ಬಂದ ಕಡೆಯಿಂದಲೇ ವಾಪಸ್ ಹೋಗೋಣ್ರೀ.”

“ಯಾಕೆ ಹೆದರ್ತೀಯ ವಸು? ಶೂ ಕೈಯಲ್ಲೇ ಐತಲ್ಲ. ಅಷ್ಟು ದೊಡ್ಡ ಸಾಹುಕಾರ, ಅವನೂ ಇಲ್ಲಿ ಬರಿಗಾಲಲ್ಲೇ ಓಡಾಡಿದ್ದು.”

ಹೆಂಡತಿಯ ಚೀಲವನ್ನೂ ತಾವೇ ಹಿಡಿದುಕೊಂಡರು.

*

“ಎಕ್ಸ್‌ಕ್ಯೂಸ್ ಮೀ,” ಎಂದರು ವಸುಂಧರಾ. ತಮ್ಮ ಶೂಗಳನ್ನು ಕಳಚಿ, ತಣ್ಣನೆಯ ನೆಲದ ಮೇಲೆ ನಿಂತು, ಪೆಟ್ಟಿಗೆಯತ್ತ ಕೈ ತೋರಿಸಿದರು. ಉಳಿದದ್ದನ್ನು ಇಂಚರಾ ಹೇಳಿದಳು.

“ನೋ ಬಾದರ್ ಅಟ್ ಆಲ್,” ಎಂದು ಡೆಕ್ಲನ್ ಕೆಳಗಿನ ಮುಚ್ಚಳ ಎತ್ತಿದ. ಇಂಚರಾ ಲೇಸಿನ ಗಂಟು ಬಿಚ್ಚಿ ಶೂ ಕಳಚಿದಳು. ಕಾಲುಚೀಲವೂ ಬಂತು. ವಸುಂಧರಾ ಆ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಡೆಕ್ಲನ್ ಸತ್ಯಪ್ರಕಾಶರ ಶೂಗಳನ್ನು ಚೀಲವೊಂದಕ್ಕೆ ಹಾಕಿ ಅವರ ಕೈಗೆ ಕೊಟ್ಟ.

ಮುಚ್ಚಳ ಹಾಕಿದರು, ಪೆಟ್ಟಿಗೆಯ ಮುಂದೆ ಪರದೆ ಮುಚ್ಚಿತು. ಎಲ್ಲರೂ ತಾವು ಬಂದ ಬಾಗಿಲಿನತ್ತ ತಿರುಗಿದರು. ಅಲ್ಲಿ ಇನ್ನೊಂದು ಮನೆಯವರು ತಮ್ಮ ಪೆಟ್ಟಿಗೆಯೊಂದಿಗೆ ಕಾಯುತ್ತಿದ್ದರು. ಡೆಕ್ಲನ್ ಪಕ್ಕದ ಬಾಗಿಲು ತೋರಿಸಿದ.

ಆ ಗುರುವಾರ ಸತ್ಯಪ್ರಕಾಶ್ ಬರಿಗಾಲಲ್ಲಿ ಹೋದರು. ವಸುಂಧರಾ ಚೀಲವನ್ನು ಎದೆಗವಚಿಕೊಂಡು ಆಚೆ ಬಾಗಿಲಿಂದ ಮಳೆಗಿಳಿದರು. ಅವರು ಕಳಚಿಟ್ಟ ತಮ್ಮ ಶೂಗಳು ಒಳಗೇ, ಪರದೆಯ ಮುಂದೆ, ಜೋಡಿಯಾಗಿ ಉಳಿದಿದ್ದವು.